ಕಡಲಿಗೆ ಬೆನ್ನು ಕೊಟ್ಟ ಸಂಜೆ

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಸೋದರತ್ತೆ ನಾಲ್ಕು ವರ್ಷದ ನನ್ನ ಮಗಳನ್ನು ಎತ್ತಿಕೊಂಡು ಮದರಾಸಿನ ಕಡಲಿಗೆ ಇಳಿದರು. ಬಳ್ಳಾರಿಯಿಂದ ರೈಲಿನಲ್ಲಿ ಹೋಗಿದ್ದ ನಾವು ಆಗಷ್ಟೇ ಟ್ರಾಮ್ ಇಳಿದು ನಡೆದು ಬಂದಿದ್ದೆವು. ಅತ್ತೆ ಬೆಳೆದ ಸಿರುಗುಪ್ಪದ ಕಡೆ ಹೊಳೆಯಲ್ಲಿ ಸೂರ್ಯನಿಗೆ ಮುಖ ಮಾಡಿ, ಕಣ್ಣು ಮುಚ್ಚಿ ಮೂರು ಸಲ ಮುಳುಗುವುದು ರೂಢಿ. ಇಲ್ಲಿ ಸಂಜೆಯ ಸೂರ್ಯ ಊರಿನ ಕಡೆಗಿದ್ದ. ಅತ್ತೆ ಕಡಲಿಗೆ ಬೆನ್ನು ಕೊಟ್ಟು ನಿಂತರು.

“ಅತ್ತಿ, ಬೆನ್ನ ಹಿಂದ ಅಲಿ ಬರಾಕತ್ತಾವ, ಈ ಕಡಿ ತಿರುಗ್ರಿ,” ಎಂದೆ.

“ಹೊಳಿ ದಂಡ್ಯಾಗ ಬೆಳದಾಕಿ ಅದೀನಿ. ನನಗ ನೀರು ಕಲಿಸಾಕ ಬಂದಿಯೇನಲೇ?” ಎಂದು ನಕ್ಕರು. ಕಾಲೇಜು ಓದಿದ ನಾನೂ ನಕ್ಕೆ.

ಎರಡನೆಯ ಸಲ ಮುಳುಗುವಷ್ಟರಲ್ಲಿ ಅಲೆ ಹಿಂದಿನಿಂದ ಬಡಿಯಿತು. ನೀರು ಸರಿದಾಗ ಅತ್ತೆ ಮೊಣಕಾಲೂರಿದ್ದರು, ಕೈಯಲ್ಲಿ ಮಗು ಇರಲಿಲ್ಲ. ನಾನು ನಿಂತಲ್ಲಿಂದಲೇ ಕೂಗಿದೆ. ದಡದಲ್ಲಿ ಬಲೆ ಒಣಗಿಸುತ್ತಿದ್ದ ಬೆಸ್ತನೊಬ್ಬ ನೀರಿಗೆ ಹಾರಿ, ಮಗುವನ್ನು ಜಡೆ ಹಿಡಿದು ಎಳೆದು ತಂದ. ಬಹಳ ಹೊತ್ತಿನ ಮೇಲೆ ಅವಳು ಕೆಮ್ಮಿ ಅತ್ತಳು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಮರಳಿದ ಮೇಲೂ ಅವಳು ರಾತ್ರಿ ಚೀರಿ ಏಳುತ್ತಿದ್ದಳು. ಅತ್ತೆ ಮಲಗುತ್ತಲೇ ಇರಲಿಲ್ಲ. ಹನ್ನೆರಡನೆಯ ದಿನ, ಶುಕ್ರವಾರ, ಇಬ್ಬರೂ ಬೆಳಗಿನವರೆಗೆ ನಿದ್ದೆ ಹೋದರು. ಮಗುವಿನ ಲಂಗದ ತುದಿಯನ್ನು ಅತ್ತೆ ತಮ್ಮ ಸೆರಗಿಗೆ ಗಂಟು ಹಾಕಿಕೊಂಡಿದ್ದರು. ನಾನು ಬಿಚ್ಚಲಿಲ್ಲ.