ಎದುರುಮನೆ ಅಕ್ಕ ಕಡಲಿಗಿಳಿದದ್ದು

ಮೇಲಿನ ಮನೆಗೆ ಹೊಸದಾಗಿ ಬಂದವರು ಮೊನ್ನೆ ಒಣ ಸಿಗಡಿ ಹುರಿದರು. ವಾಸನೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೂ ಬಂತು. ನಮ್ಮದು ಮೀನು ಮುಟ್ಟದ ಮನೆ. ಕಿಟಕಿ ಹಾಕಲು ಎದ್ದವಳು ಹಾಗೇ ನಿಂತುಬಿಟ್ಟೆ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ, ತುಮಕೂರಿನ ಇದೇ ಬಟವಾಡಿಯಲ್ಲಿ, ನಮ್ಮ ಎದುರುಮನೆಯಿಂದ ಬರುತ್ತಿದ್ದ ವಾಸನೆ ಅದು...

ಎದುರುಮನೆ ಅಕ್ಕ ಹೊನ್ನಾವರದ ಕಡೆಯವರು, ಮೀನುಗಾರರ ಮಗಳು. ಗಂಡ ಸರ್ಕಾರಿ ಬಸ್ಸಿನ ಡ್ರೈವರ್. ತುಮಕೂರಿಗೆ ವರ್ಗವಾಗಿ ಬಂದು ಬಾಡಿಗೆ ಮನೆ ಹಿಡಿದಿದ್ದರು. ಅವರ ಬಾಗಿಲು ದಾಟುವಾಗ ಬೀದಿಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಕ್ಕ ಕಂಡೂ ಕಾಣದ ಹಾಗೆ ಇರುತ್ತಿದ್ದರು. ಸಂಜೆ ನಮ್ಮ ಜಗಲಿಗೆ ಬಂದು ಕೂತರೆ ಬರೀ ಕಡಲಿನದೇ ಮಾತು. ಗುಬ್ಬಿಯ ತೆಂಗಿನ ತೋಟ ಬಿಟ್ಟು ಬೇರೇನೂ ಕಾಣದ ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಮಳೆ ಮೋಡ ಏಳೂದು ನಮ್ಮ ಕಡಲ ಮೇಲೇ ಅಮ್ಮಾ. ನಿಮ್ಮ ಗುಬ್ಬಿ ತೆಂಗು ಕುಡಿಯೂದೂ ಅದನ್ನೇ" ಎಂದು ಅಕ್ಕ ನಗುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಬೀದಿಯವರೆಲ್ಲ ಸೇರಿ ಮಿನಿ ಬಸ್ಸು ಮಾಡಿಕೊಂಡು ಅಕ್ಕನ ತವರಿಗೆ ಹೋದೆವು. ಮೂಗು ಮುಚ್ಚಿಕೊಳ್ಳುತ್ತಿದ್ದವರೂ ಬಂದರು. ಉಳಿಯಲು ಪುಕ್ಕಟೆ ಮನೆ ಸಿಕ್ಕಿತ್ತಲ್ಲ. ಅಕ್ಕನ ಬಾಡಿಗೆ ಮನೆಯ ಓನರ್ ಮುಂದಿನ ಸೀಟಿನಲ್ಲೇ ಕೂತರು. ನಾವಿದ್ದಷ್ಟು ದಿನವೂ ತವರಿನವರು ಮನೆಯೊಳಗೆ ಮೀನು ಬೇಯಿಸಲಿಲ್ಲ.

ಬೆಳಿಗ್ಗೆ ಅಕ್ಕನ ತಮ್ಮ ಬಲೆ ಎಳೆಯುವಾಗ ನಾವೂ ಹಗ್ಗಕ್ಕೆ ಕೈ ಹಾಕಿದೆವು. ಬಲೆ ಭಾರವಾಗಿತ್ತು. ಮೀನೇ ಮೀನು ಎಂದು ಹುಡುಗಿಯರೆಲ್ಲ ಕೂಗಿಕೊಂಡೆವು. ದಡಕ್ಕೆ ಬಂದು ಬಿಚ್ಚಿದರೆ ಹಾಲಿನ ಕವರು, ಗುಟ್ಕಾ ಚೀಟಿ, ಹರಿದ ಚಪ್ಪಲಿ, ನೀರು ಕುಡಿದು ಉಬ್ಬಿದ ಮಕ್ಕಳ ಡೈಪರು. ನಡುವೆ ಒಂದು ಹಿಡಿ ಬಂಗಡೆ ಮೀನು. ಅಕ್ಕನ ತಮ್ಮ ಒಂದೊಂದೇ ಕವರು ಬಿಡಿಸುತ್ತ ಕೂತರು.

ಓನರ್ ಕರ್ಚೀಫು ಮೂಗಿಗೆ ಹಿಡಿದು, "ಥೂ, ಎಂಥ ಗಲೀಜು ಜನ ಅವ್ರೆ ನೋಡಿ!" ಎಂದರು.

ಮಧ್ಯಾಹ್ನ ದಂಡೆಯಲ್ಲೇ ಚಿತ್ರಾನ್ನ ತಿಂದೆವು. ತಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಉಗಿದ ಎಲೆಯಡಿಕೆ, ಎಲ್ಲವನ್ನೂ ದೊಡ್ಡದೊಂದು ಕವರಿಗೆ ತುಂಬಿದ ಅದೇ ಓನರ್, ಬೀಸಿ ಅಲೆಗೆ ಎಸೆದರು. ಅಕ್ಕ ಓಡಿಬಂದರು.

"ಎಂತ ಮಾಡಿದ್ರಿ? ಬೆಳಿಗ್ಗೆ ಬಲೆಯಲ್ಲಿ ನೋಡ್ಲಿಲ್ವಾ?"

"ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಕವರ್ ಏನ್ ಲೆಕ್ಕ, ಬುಡಮ್ಮ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದೇಬಿಟ್ಟರು. ಕವರು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ದೊಡ್ಡ ಅಲೆಯೊಂದು ಹೊಡೆದು, ಅವರ ತಲೆಯೂ ಕಾಣದಾಯಿತು. ಅಮ್ಮ ಕಿರುಚಿದಳು. ತಮ್ಮ ಹಾರಿ, ತೋಳು ಹಿಡಿದು ಎಳೆದು ತಂದರು. ಅಕ್ಕ ಉಪ್ಪುನೀರು ಕಾರಿಕೊಳ್ಳುತ್ತ ಮರಳಲ್ಲಿ ಬಿದ್ದಿದ್ದರು, ಕವರು ಮಾತ್ರ ಬಿಟ್ಟಿರಲಿಲ್ಲ. ನಮ್ಮವರಲ್ಲೇ ಯಾರೋ ಕಿಸಕ್ಕನೆ ನಕ್ಕರು. 

ಉಸಿರು ಹತೋಟಿಗೆ ಬಂದ ಮೇಲೆ ಅಕ್ಕ ಎದ್ದು, ದಂಡೆಯಲ್ಲಿ ನಿಂತಿದ್ದ ನಮ್ಮ ಬಸ್ಸು ಹತ್ತಿದರು. ಸೋರುತ್ತಿದ್ದ ಆ ಕವರನ್ನು ಓನರ್ ಸೀಟಿನ ಮೇಲಿಟ್ಟರು. "ನಿಮ್ಮ ಸಾಮಾನು. ತುಮಕೂರಿಗೇ ತಕೊಂಡು ಹೋಗಿ."

"ಮೀನು ನಾತದವಳಿಗೆ ಎಷ್ಟು ಕೊಬ್ಬು ನೋಡ್ಲಾ!" ಎಂದು ಓನರ್ ಮಿನಿ ಬಸ್ಸಿನ ಡ್ರೈವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅಮ್ಮ ತನ್ನ ಒಣ ಸೀರೆಯೊಂದನ್ನು ತೆಗೆದು ಅಕ್ಕನಿಗೆ ಸುತ್ತಿದಳು. ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಇರಲಿಲ್ಲ, ತವರಲ್ಲೇ ಉಳಿದರು. ಗುಬ್ಬಿ ದಾಟುವ ಮೊದಲೇ ಆ ಕವರು ಕಿಟಕಿಯಿಂದ ಯಾವುದೋ ಕೆರೆಗೆ ಬಿತ್ತು. ತಿಂಗಳೊಳಗೆ, ಮನೆಯೆಲ್ಲ ವಾಸನೆ ಎಂಬ ನೆಪ ಹೇಳಿ ಓನರ್ ಅವರಿಂದ ಮನೆ ಬಿಡಿಸಿದರು. ಅಕ್ಕನ ಗಂಡ ಒಬ್ಬರೇ ಸಾಮಾನು ಕಟ್ಟಿಕೊಂಡು ಹೋದರು...

ಕಳೆದ ಡಿಸೆಂಬರಿನಲ್ಲಿ ಹೊನ್ನಾವರದ ಕಡೆ ಹೋದಾಗ ಅಕ್ಕನ ಕೇರಿ ಹುಡುಕಿದೆ. ಮುಂದಿನ ಸಾಲಿನ ಮನೆಗಳು ಇರಲಿಲ್ಲ, ಕಡಲು ತಿಂದಿತ್ತು. ಅಲ್ಲೀಗ ಕಲ್ಲುಬಂಡೆಗಳ ರಾಶಿ, ಸಂದುಗಳಲ್ಲಿ ಬಾಟಲಿ, ಥರ್ಮಾಕೋಲು. ಅಕ್ಕನ ತಮ್ಮ ಅಲ್ಲೇ ಸಿಕ್ಕರು, ತಲೆ ನರೆತಿತ್ತು. ಅವರಿಗೆ ನನ್ನ ಗುರುತು ಹತ್ತಲು ಹೊತ್ತಾಯಿತು.

"ಅಕ್ಕ ತೀರ್ಕೊಂಡ್ಳು. ಕೈಲಾಗೂ ತನಕ ದಿನಾ ಬೆಳಿಗ್ಗೆ ದಂಡೆಗೆ ಹೋಗಿ ಕಸ ಹೆಕ್ತಿದ್ಳು. ಹುಚ್ಚಿ ಅಂದ್ರು ಎಲ್ಲ" ಎಂದರು.

ಹಿಂದೆ ಹಾರ್ನ್ ಕೇಳಿಸಿತು. ತುಮಕೂರು ನಂಬರಿನ ಬಸ್ಸಿನಿಂದ ಜನ ಇಳಿಯುತ್ತಿದ್ದರು. ಒಬ್ಬಾತ ಬಾಯಿ ಮುಕ್ಕಳಿಸಿ ಖಾಲಿ ಬಾಟಲಿಯನ್ನು ನೀರಿಗೆಸೆದ. ನಮ್ಮ ತುಮಕೂರಿನ ಮಾತಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. "ನಿಮ್ಮಪ್ಪಂದಾ ಸಮುದ್ರ?" ಎಂದು ನಕ್ಕ.

ನನಗೆ ಈಜು ಬರುವುದಿಲ್ಲ. ಮೊಣಕಾಲುದ್ದದ ನೀರಿಗಿಳಿದು ನಿಂತೆ. ಬಾಟಲಿ ದೂರ ದೂರ ಹೋಗುತ್ತಲೇ ಇತ್ತು. ಅಲ್ಲಿಗೆ ಹೋಗಿ ತರಲು ಅಕ್ಕ ಇರಲಿಲ್ಲ.