ಮಾವನ ಮೂಗಿಗೊಂದು ಮೆಷಿನ್

ಆಗೋ ಮಾತಲ್ಲ ಎಂದವನು ನನ್ನ ಸೋದರಮಾವ. ಒಂದು ಸಲವಲ್ಲ, ಎರಡು ಸಲ.

ಮೊದಲನೆಯದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ನಂಜನಗೂಡಿನಲ್ಲಿ ಬಿಎಸ್ಸಿಗೆ ಸೇರಿದಾಗ. "ನಮ್ ಪೈಕಿ ಡಿಗ್ರಿ ಮುಗ್ಸೋದು ಆಗೋ ಮಾತಲ್ಲ ಕಣವ್ವ. ಎಸ್ಸೆಸ್ಸೆಲ್ಸಿ ಗೇಟೇ ದಾಟಿಲ್ಲ ಯಾರೂವೆ" ಎಂದಿದ್ದ. ಕೊಂಕಿನ ಮಾತಲ್ಲ ಅದು. ಮುಂದೆ ರಸ್ತೆ ಕೆಟ್ಟಿದೆ ಎಂದು ಎದುರಿನಿಂದ ಬಂದ ಡ್ರೈವರ್ ಹೇಳುತ್ತಾನಲ್ಲ, ಆ ಧಾಟಿ. ಮಾವ ಡ್ರೈವರೇ. ಅಪ್ಪ ತಾಂಡ್ಯದ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ, ಅಮ್ಮ ಹುಲ್ಲಹಳ್ಳಿ ಕಡೆಯ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದಳು. ರಸಾಯನಶಾಸ್ತ್ರದಲ್ಲಿ ಒಮ್ಮೆ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ. ನನ್ನ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆಯಿದೆ. ಅದನ್ನು ಮುಚ್ಚಿಡುವ ಸಂಕೋಚ ನನಗಿಲ್ಲ.

ಆಮೇಲೆ ಒಂದು ಡಿಪ್ಲೊಮಾ ಮಾಡಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ನಿದ್ದೆ ಪರೀಕ್ಷಿಸುವ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿ ಸೇರಿದೆ. ನಿದ್ದೆಗೂ ಪರೀಕ್ಷೆಯೇ ಎಂದು ನಮ್ಮ ಬೀದಿಯವರು ನಗುತ್ತಿದ್ದರು. ಕೆಲವರಿಗೆ ಮಲಗಿದಾಗ ಗಂಟಲಿನ ಮಾಂಸ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗೊರಕೆ ನಿಂತು ಉಸಿರೂ ನಿಲ್ಲುತ್ತದೆ. ಮೆದುಳು ಬೆದರಿ ಎಬ್ಬಿಸುತ್ತದೆ, ಆದರೆ ಎದ್ದದ್ದು ಮಲಗಿದವನಿಗೆ ತಿಳಿಯುವುದಿಲ್ಲ. ನಿದ್ದೆಯುದ್ದಕ್ಕೂ ಹೀಗೇ ನಡೆದರೆ ಎಷ್ಟು ಮಲಗಿದರೂ ಮಲಗಿದಂತಾಗುವುದಿಲ್ಲ, ಕೂತಲ್ಲೇ ತೂಕಡಿಕೆ. ಇಂಥವರಿಗೆ ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಕಳಿಸುವ ಮೆಷಿನ್ ಕೊಡುತ್ತಾರೆ. ಆ ಗಾಳಿ ಗಂಟಲನ್ನು ತೆರೆದಿಡುತ್ತದೆ. ಬಂದವರ ತಲೆಗೂ ಎದೆಗೂ ವೈರು ಅಂಟಿಸಿ, ಅವರು ಮಲಗಿರುವಷ್ಟು ಹೊತ್ತೂ ಪರದೆಯ ಮೇಲೆ ಉಸಿರಿನ ಗೆರೆ ನೋಡುವುದು ನನ್ನ ಕೆಲಸ. ಯಾರಿಗೆ ಯಾವ ಮೆಷಿನ್ ಎಂದು ತೀರ್ಮಾನಿಸುವವರು ನಮ್ಮ ಡಾಕ್ಟರಮ್ಮ.

ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಮಾವನೇ ಆ ಕೋಣೆಗೆ ಬರಬೇಕಾಯಿತು.

ಅವನ ಮನೆ ತಿರುಮಕೂಡಲು ನರಸೀಪುರದಲ್ಲಿ. ಆ ಕಡೆಯ ಕೆಲಸಗಾರರನ್ನು ತಾಂಡ್ಯಕ್ಕೆ ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದ. ಯಾವಾಗಲೂ ರಾತ್ರಿ ಪಾಳಿ. ಹಗಲು ನಿದ್ದೆ. ಒಂದು ಬೆಳಿಗ್ಗೆ ಪಾಳಿ ಮುಗಿದವರನ್ನು ಕೂರಿಸಿಕೊಂಡು ಹೊರಟಾಗ ನಂಜನಗೂಡಿನ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಲ್ಲಿಸಿದ. ರೈಲು ಹೋಯಿತು, ಗೇಟು ಎದ್ದಿತು, ಬಸ್ಸು ಕದಲಲಿಲ್ಲ. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದವು. ಮಾವ ಸ್ಟೇರಿಂಗಿನ ಮೇಲೆ ಗಲ್ಲವೂರಿ ಗೊರಕೆ ಹೊಡೆಯುತ್ತಿದ್ದ. ಮುಂದಿನ ಸೀಟಿನವರು ಭುಜ ಅಲ್ಲಾಡಿಸಿ ಎಬ್ಬಿಸಿದರು.

ಯಾರಿಗೂ ಏನೂ ಆಗಲಿಲ್ಲ. ಆದರೆ ಬಸ್ಸಿನ ಮಾಲೀಕ ಕೀ ಇಸಿದುಕೊಂಡ. "ಗೇಟ್ ಹಾಕಿದ್ದಾಗ ನಿದ್ದೆ ಬಂತು, ಸರಿ. ತೆಗೆದಿದ್ದಾಗ ಬಂದಿದ್ರೆ? ಡಾಕ್ಟರ್ ಸರ್ಟಿಫಿಕೇಟ್ ತಂದು ಸ್ಟೇರಿಂಗ್ ಮುಟ್ಟು. ಅಲ್ಲೀವರ್ಗೂ ರಾತ್ರಿ ಶೆಡ್ಡಲ್ಲಿ ಬಸ್ ತೊಳಿ." ಮೀಸೆ ಹುಟ್ಟಿದಾಗಿನಿಂದ ಸ್ಟೇರಿಂಗ್ ಹಿಡಿದವನು ಬಕೆಟ್ ಹಿಡಿದ. ಅಲ್ಲಿ ನೀರು ಹೊರುವ ಹುಡುಗರು, "ಮಾವೋ, ಗೇಟ್ ಎದ್ದದೆ, ನೀನೂ ಏಳು" ಎಂದು ರೇಗಿಸುತ್ತಿದ್ದರಂತೆ. ಊರಲ್ಲಿ ಯಾರಿಗೂ ಹೇಳಬೇಡ ಎಂದು ಅತ್ತೆಗೆ ಅಪ್ಪಣೆ ಮಾಡಿದ್ದ. ಅತ್ತೆ ನನಗೆ ಫೋನ್ ಮಾಡಿದಳು.

"ಅವ್ರ ಗೊರ್ಕೆ ಕೇಳ್ಕಂಡೇ ನಂಗೆ ಕೆಲ್ಸ ಸಾಗೋದು ಕಣ್ ಕೂಸೇ. ನಾನು ಬ್ಲೌಸ್ ಒಲೀತಾ ಇರ್ತೀನಿ, ಅವ್ರು ಒಳಗ್ ಮನ್ಗಿರ್ತಾರೆ. ತಟಕ್ನೆ ನಿಂತೋಯ್ತದೆ. ಓಗಿ ಬೆನ್ನಿಗ್ ಒಂದ್ ಗುದ್ದು ಕೊಟ್ರೆ ತಿರ್ಗಾ ಸುರುವಾಯ್ತದೆ, ಮೋಟ್ರು ಪಂಪಿನಂಗೆ."

ನನಗೆ ಅಷ್ಟು ಸಾಕಾಯಿತು. ಬರಹೇಳಿದೆ. ಮಾಸ್ಕ್ ತೋರಿಸಿ ವಿವರಿಸಿದಾಗ ಮಾವ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ.

"ಕಣದಲ್ಲಿ ಮೇಯ್ಬಾರ್ದು ಅಂತ ಎತ್ತಿನ್ ಮೂತಿಗೆ ಕುಕ್ಕೆ ಕಟ್ತಾರಲ್ಲ, ಅಂಗೆ ನಂಗೂ ಕಟ್ತಿಯಾ? ಇದ ಕಟ್ಕಂಡು ಮನಿಕೊಳೋದು ಆಗೋ ಮಾತಲ್ಲ."

"ಆಗೋ ಮಾತಲ್ಲ ಅಂತ ಹಿಂದೇನೂ ಒಂದ್ಸಲ ಅಂದಿದ್ದೆ, ಮಾವ."

"ಅಂದಿದ್ದೆ ಕಣವ್ವ. ಅದ್ಕೇ ಬಂದಿವ್ನಿ" ಎಂದು ಮಂಚದ ಮೇಲೆ ಕೂತ.

ಹಗಲು ಮಲಗುವವನಿಗೆ ಹಗಲೇ ಪರೀಕ್ಷೆ ಮಾಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬೆಳಗಿನ ತಿಂಡಿಯಾದ ಮೇಲೆ ಕಿಟಕಿಯ ಪರದೆ ಎಳೆದು ವೈರು ಅಂಟಿಸಿದೆ. "ಯಾವ್ ಮಾರಮ್ಮನ್ ಪೂಜೆಗವ್ವ ಈ ಸಿಂಗಾರ?" ಎನ್ನುತ್ತಿದ್ದವನು ಮಾತು ಮುಗಿಯುವುದರೊಳಗೆ ನಿದ್ದೆ ಹೋದ. ಪರದೆಯ ಮೇಲೆ ಅವನ ಉಸಿರು ನಿಲ್ಲುವುದನ್ನು ನೋಡಿದೆ. ಬೇರೆಯವರದನ್ನು ದಿನವೂ ನೋಡುತ್ತಿದ್ದೆ, ಇದೂ ಹಾಗೇ ಇತ್ತು. ಗುರುತು ಹಾಕುತ್ತ ಹೋದೆ.

ಅರ್ಧ ನಿದ್ದೆಯಾದ ಮೇಲೆ ಮಾಸ್ಕ್ ಹಾಕಿ ಮೆಷಿನ್ ಹಚ್ಚಿದೆ. ಅವನ ಮೀಸೆ ದಪ್ಪ. ಮೂಗು ಮುಚ್ಚುವ ಮಾಸ್ಕ್ ಮೀಸೆಯ ಮೇಲೆ ಕೂರದೆ ಪಂಚರಾದ ಟ್ಯೂಬಿನಂತೆ ಸುಸ್ಸೆಂದಿತು. ಮೀಸೆ ಬೋಳಿಸಲು ಹೇಳಿಬಿಡೋಣವೇ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಮೀಸೆ ಅವರದು, ಮಾಸ್ಕ್ ನಮ್ಮದು. ನಮ್ಮದನ್ನ ಬದಲಾಯಿಸು."

ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ, ಎರಡು ಮೆತ್ತನೆ ಬಿರಡೆಗಳ ಮಾಸ್ಕ್ ಹಾಕಿದೆ. ಸುಸ್ಸೆನ್ನುವುದು ನಿಂತಿತು. ಗಾಳಿಯ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆ. ಒಂದು ಹಂತದಲ್ಲಿ ಗೊರಕೆ ಪೂರ್ತಿ ನಿಂತು ಉಸಿರಿನ ಗೆರೆ ಒಂದೇ ಸಮವಾಗಿ ಏರಿ ಇಳಿಯತೊಡಗಿತು. ಆಗ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಅತ್ತೆ.

"ಕೂಸೇ, ನಿಂತೋಯ್ತು. ಗುದ್ದವ್ವ ಬೇಗ."

ಹೊರಗೆ ಬೆಂಚಿನ ಮೇಲೆ ಕೂತು ಇಡೀ ಹೊತ್ತು ಕಿವಿ ಇಲ್ಲೇ ಇಟ್ಟಿದ್ದಳು. ಒಳಗೆ ಕರೆದು ಮಾವನ ಎದೆ ತೋರಿಸಿದೆ. ಏರುತ್ತಿತ್ತು, ಇಳಿಯುತ್ತಿತ್ತು. ಅತ್ತೆ ಬಹಳ ಹೊತ್ತು ನಿಂತು ನೋಡಿದಳು. "ಇಷ್ಟ್ ನಿಸ್ಸಬ್ದವಾಗಿ ಮನ್ಗಿದ್ದ ನಾ ಕಂಡೇ ಇಲ್ಲ" ಎಂದು ಪಿಸುಗುಟ್ಟಿ ಹೊರಗೆ ಹೋದಳು.

ಮೆಷಿನ್ ಆರಿಸುವುದು ಎಂದರೆ ದುಬಾರಿಯದನ್ನು ತೋರಿಸುವುದಲ್ಲ. ಇದನ್ನು ಡಾಕ್ಟರಮ್ಮನಿಂದ ಕಲಿತೆ. ಒಂದೇ ಒತ್ತಡದಲ್ಲಿ ಗಾಳಿ ಕೊಡುವ ಸರಳ ಮೆಷಿನ್ ಇದೆ. ಮಗ್ಗುಲು ಬದಲಾದಂತೆ ತಾನೇ ಒತ್ತಡ ಹುಡುಕಿಕೊಳ್ಳುವುದು ಇನ್ನೊಂದು. ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತುವುದು ಮತ್ತೊಂದು. ಗಾಳಿಗೆ ಎದುರಾಗಿ ಉಸಿರು ಬಿಡಲಾಗದವರಿಗೆ, ಎದೆಯ ಶಕ್ತಿ ಕಡಿಮೆಯಿದ್ದವರಿಗೆ ಅದು. ಪರೀಕ್ಷೆಯ ಗೆರೆಗಳನ್ನು ನೋಡಿದರೆ ಅರ್ಧ ತೀರ್ಮಾನವಾಗುತ್ತದೆ. ಉಳಿದರ್ಧಕ್ಕೆ ಅವರು ಮನೆಯ ಸಮಾಚಾರ ಕೇಳುತ್ತಿದ್ದರು.

"ಯಜಮಾನ್ರೇ, ಅಂಗಾತ ಮಲಗ್ತೀರೋ, ಮಗ್ಗುಲಾಗಿಯೋ? ಎಲೆಅಡಿಕೆ ದವಡೇಲಿ ಇಟ್ಕೊಂಡೇ ಮಲಗ್ತೀರಾ? ಮಾಸ್ಕ್ ತೊಳೆಯೋರು ಯಾರು? ಹಗಲು ಹೊತ್ತು ಕರೆಂಟ್ ಇರುತ್ತಾ?"

"ಕರೆಂಟ್ ಒಂದ ಬುಟ್ಟು ಮಿಕ್ಕಿದ್ ಎಲ್ಲಾ ಸರಿಯಾಗದೆ ಅಮ್ಮ" ಎಂದ ಮಾವ.

ಅದರಿಂದ ಮೆಷಿನ್ ತೀರ್ಮಾನವಾಯಿತು. ಒಂದೇ ಒತ್ತಡದಲ್ಲಿ ಅವನಿಗೆ ಚೆನ್ನಾಗಿ ನಿದ್ದೆ ಬಂದಿತ್ತು. ಆ ಬಗೆಯದರಲ್ಲೇ, ಕರೆಂಟು ಹೋದಾಗ ಬಸ್ಸಿನ ಬ್ಯಾಟರಿಯಿಂದಲೂ ನಡೆಯುವಂಥದ್ದನ್ನು ಆರಿಸಿದರು. ಬ್ಯಾಟರಿ ಎಂದ ಕೂಡಲೇ ಮಾವನ ಬೆನ್ನು ನೆಟ್ಟಗಾಯಿತು. "ಅದ ನಂಗ್ ಬುಡಿ" ಎಂದ. ಆಸ್ಪತ್ರೆಯ ಮೆಷಿನ್ನನ್ನೇ ಕೆಲವು ವಾರ ಮನೆಗೆ ಕೊಟ್ಟರು. ಅದರೊಳಗಿನ ಕಾರ್ಡು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಕಾರ್ಡು ಚೆನ್ನಾಗಿದ್ದರೆ ಆಮೇಲೆ ಸರ್ಟಿಫಿಕೇಟ್.

ಕಾರ್ಡು ಚೆನ್ನಾಗಿರಲಿಲ್ಲ. ದಿನವೂ ಹಾಕಿಕೊಂಡಿದ್ದಾನೆ, ಆದರೂ ಉಸಿರು ನಿಲ್ಲುತ್ತಿದೆ. ನಮ್ಮ ಕೋಣೆಯಲ್ಲಿ ಸರಿಹೋದದ್ದು ಅವನ ಮನೆಯಲ್ಲಿ ಸರಿಹೋಗಲಿಲ್ಲ. ಮಾವನ ಮುಖವೂ ನಿದ್ದೆಗೆಟ್ಟು ಊದಿಕೊಂಡಿತ್ತು, ಮಾತಾಡುತ್ತಲೇ ಕಣ್ಣು ಎಳೆಯುತ್ತಿತ್ತು. ಮೆಷಿನ್ ಮಾರಲು ಬರುವಾತ ಅಲ್ಲೇ ಇದ್ದ. ಎರಡು ಒತ್ತಡದ ದೊಡ್ಡ ಮೆಷಿನ್ ಕೊಡಿಸಿಬಿಡಿ ಎಂದ. ಬಸ್ಸಿನ ಮಾಲೀಕ ಹೊಸ ಡ್ರೈವರನ್ನು ಹುಡುಕುತ್ತಿದ್ದಾನೆಂಬ ಸುದ್ದಿಯೂ ಬಂದಿತ್ತು. ನನಗೂ ಅದೇ ಸರಿಯೆನ್ನಿಸಿತು.

ಡಾಕ್ಟರಮ್ಮ ಕಾರ್ಡನ್ನು ಇನ್ನೊಮ್ಮೆ ನೋಡಿದರು. "ಮನುಷ್ಯ ಅವನೇ, ಮೆಷಿನ್ ಅದೇ. ಬದಲಾಗಿರೋದು ಕೋಣೆ ಒಂದೇ. ದೊಡ್ಡದು ಆಮೇಲೆ ನೋಡೋಣ, ಮೊದಲು ನೀನು ಆ ಕೋಣೆ ನೋಡ್ಕೊಂಡು ಬಾ" ಎಂದರು.

ಭಾನುವಾರ ನರಸೀಪುರದ ಬಸ್ಸು ಹತ್ತಿದೆ. ಅತ್ತೆ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದಳು. ಅವಳ ಮನೆಯಲ್ಲಿ ಬತ್ತಲೆ ಇರುವ ವಸ್ತು ಇಲ್ಲ. ಟಿವಿಗೆ ಹೂವಿನ ಕವರ್, ಮಿಕ್ಸಿಗೆ ಜಾಲರಿ ಕವರ್, ರೇಡಿಯೊ ಕೆಟ್ಟು ಎಷ್ಟೋ ಕಾಲವಾಗಿದ್ದರೂ ಅದಕ್ಕೊಂದು ವೆಲ್ವೆಟ್ಟಿನದು. ಮಾವನ ತಲೆದೆಸೆಯ ಸ್ಟೂಲಿನ ಮೇಲೆ ಆಸ್ಪತ್ರೆಯ ಮೆಷಿನ್ ಇತ್ತು. ಅದಕ್ಕೆ ಬಸ್ಸಿನ ಸೀಟಿನ ನೀಲಿ ರೆಕ್ಸಿನ್ನಿನಲ್ಲಿ ಹೊಲಿದ, ಮೈಗೆ ಅಂಟಿಕೊಂಡಂಥ ಕವರ್. ಪೈಪು ಬರಲು ಒಂದು ತೂತು, ತೂತಿನ ಸುತ್ತ ಅಂಗಿಯ ಗುಂಡಿಮನೆಯ ಹಾಗೆ ಅಂದದ ಕೈಹೊಲಿಗೆ. ಮುಂದೆ ಒಂದು ಕಮಲ ಬೇರೆ.

"ಎಂಗದೆ?" ಎಂದಳು.

"ಮಲಗುವಾಗ ತೆಗೀತೀರಾ ಇದನ್ನ?"

"ಯಾಕ್ ತೆಗೀಬೇಕು? ಪಕ್ಕದಲ್ಲೇ ರೈಸ್ ಮಿಲ್ಲು, ತೌಡಿನ್ ದೂಳು ಒಳಕ್ ಓದ್ರೆ? ಆಸ್ಪತ್ರೆ ಸಾಮಾನು, ಜೋಪಾನ ಮಾಡ್ಬೇಕಲ್ವಾ?"

ಕವರ್ ಎಳೆದು ತೆಗೆದು ಮೆಷಿನ್ನಿನ ಹಿಂಭಾಗ ತೋರಿಸಿದೆ. ಅಲ್ಲಿ ಸಣ್ಣ ಜಾಲರಿ, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ರೆಕ್ಸಿನ್ ಅದನ್ನು ಬಿಗಿಯಾಗಿ ಮುಚ್ಚಿತ್ತು. ದೂಳಿಗೆ ಅದರೊಳಗೇ ಸೋಸುವ ಸ್ಪಂಜಿದೆ ಎಂದೆ.

"ಇದು ಗಾಳಿ ಎಳ್ಕೊಂಡ್ರೆ ತಾನೇ ಅತ್ತೆ, ಮಾವನಿಗೆ ಕೊಡೋದು?"

ಅತ್ತೆ ಕವರನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ನಾನು ಮಾವನ ಕಡೆ ತಿರುಗಿ, ಉಸಿರು ಕಟ್ಟಿದಂತಾಗುತ್ತಿರಲಿಲ್ಲವೇ, ಹೇಳಬಾರದಿತ್ತೇ ಎಂದು ಕೇಳಿದೆ.

"ಆಯ್ತಿತ್ತು ಕಣವ್ವ. ಒಸಾ ಇಂಜಿನ್ನು, ಪಳಗೋಗಂಟ ಅಂಗೇ ಅಂದ್ಕಂಡೆ. ಆಮ್ಯಾಕೆ..." ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದ. "ಎರಡ್ ದಿನ ಕೂತ್ಕಂಡ್ ಒಲ್ದವ್ಳೆ. ತೆಗಿ ಅನ್ನಾಕಾಯ್ತದಾ?"

ಡಾಕ್ಟರಮ್ಮನಿಗೆ ಹೇಳಿದಾಗ ಅವರು ನಗಲಿಲ್ಲ. ಮುಂದೆ ಬಂದವರಿಗೆಲ್ಲ ಇನ್ನೊಂದು ಪ್ರಶ್ನೆ ಸೇರಿಸಿ ಕೇಳತೊಡಗಿದರು: ಮೆಷಿನ್ ಮೇಲೆ ಏನು ಹೊದಿಸುತ್ತೀರಿ? ಟವೆಲ್ ಹೊದಿಸುತ್ತೇವೆ ಎಂದವರು ಒಬ್ಬಿಬ್ಬರಲ್ಲ.

ಮೆಷಿನ್ ಬದಲಾಗಲಿಲ್ಲ. ಕೆಲವು ವಾರ ಕಳೆದು ಬಂದ ಕಾರ್ಡಿನಲ್ಲಿ ಗೆರೆ ಸಮವಾಗಿತ್ತು. ಮಾವನ ಮುಖದ ಊತ ಇಳಿದಿತ್ತು. ಕಾರ್ಡು ಒಂದನ್ನೇ ನಂಬಿ ಡಾಕ್ಟರಮ್ಮ ಸಹಿ ಹಾಕುವವರಲ್ಲ. ಅರೆಗತ್ತಲ ಕೋಣೆಯಲ್ಲಿ ಒರಗುಕುರ್ಚಿಯ ಮೇಲೆ ಕೂರಿಸಿ, ಮಾತಿಲ್ಲದೆ ಕತೆಯಿಲ್ಲದೆ ಎಚ್ಚರವಾಗಿರಬೇಕೆಂದರು. ದಿನದಲ್ಲಿ ಹಲವು ಸಲ ಹಾಗೆ ಕೂರಿಸಿದರು. ಪರದೆಯ ಈಚೆ ನಾನು ಕೂತಿದ್ದೆ. ತೂಕಡಿಸಿದರೆ ತೂಕಡಿಸಿದ ಎಂದೇ ಬರೆಯಬೇಕು, ಅದಕ್ಕೂ ಸಿದ್ಧಳಾಗಿದ್ದೆ. ಗೆರೆ ಒಮ್ಮೆಯೂ ನಿದ್ದೆಯ ಕಡೆ ವಾಲಲಿಲ್ಲ.

"ಮೈಸೂರಿಂದ ಮಡಿಕೇರಿ ಘಾಟಿ ಅತ್ಸು ಅಂದ್ರೂ ಅತ್ಸೇನು, ಇಂಗೆ ಸುಮ್ನೆ ಕೂತ್ಕೊಳೋದ್ ಮಾತ್ರ ಬ್ಯಾಡ" ಎನ್ನುತ್ತ ಹೊರಗೆ ಬಂದ.

ಡಾಕ್ಟರಮ್ಮ ಸಹಿ ಹಾಕಿ, ಸೀಲು ಒತ್ತಿಸಿ, ಎದ್ದು ನಿಂತು ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿ ನನಗೆ ಚಾಚಿದ.

"ಓದವ್ವ. ಓದಿರೋಳು ನೀನು."

ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದೆ: ದಿನವೂ ಮೆಷಿನ್ ಹಾಕಿಕೊಂಡು ಮಲಗುತ್ತಿರುವಷ್ಟು ಕಾಲ ಇವರು ವಾಹನ ಓಡಿಸಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಮಾವ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿದ. ಅತ್ತೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಸೆರಗಿನಲ್ಲಿ ಅದರ ಅಂಚು ಒರೆಸಿದಳು.

"ಇದ್ಕೆ ಕವರ್ ಆಕ್ಬೋದಲ್ವಾ ಕೂಸೇ? ಇದೇನ್ ಉಸ್ರಾಡಾಕಿಲ್ವಲ್ಲ" ಎಂದಳು.