ಏಳು ಗುಳಿಗೆ ಹೆಚ್ಚಾಗಿದ್ದವು

2004ರಲ್ಲಿ ಅವ್ವನ ಮೂರ್ಛೆರೋಗದ ಗುಳಿಗೆಗಳ ಲೆಕ್ಕವನ್ನು ನಾನು ಡೈರಿಯಲ್ಲಿ ಇಡುತ್ತಿದ್ದೆ. ದಿನಕ್ಕೊಂದು. ಒಂದು ರವಿವಾರ ಬೆಳಿಗ್ಗೆ ಎಣಿಸಿದರೆ ಏಳು ಹೆಚ್ಚಾಗಿದ್ದವು. ಹಿಂದಿನ ರವಿವಾರವೇ ಗಜೇಂದ್ರಗಡದ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಸಭೆಯ ಹಿರಿಯರು, ಅವ್ವನನ್ನು ಕೇಳದೆಯೇ, ಆಕೆ ಯೇಸುವಿನ ಪ್ರಾರ್ಥನೆಯಿಂದಲೇ ಪೂರ್ತಿ ಗುಣವಾದಳೆಂದು ಎಲ್ಲರೆದುರು ಸಾಕ್ಷಿ ಹೇಳಿದ್ದರು.

"ಗುಳಿಗಿ ನುಂಗಿದ್ರ ನಂಬಿಕಿ ಇಲ್ಲ ಅಂತಾರವಾ," ಎಂದಳು ಅವ್ವ. ಗುರುವಾರ ಒಲೆಯ ಮುಂದೆ ಬಿದ್ದು ಮುಂಗೈ ಸುಟ್ಟುಕೊಂಡದ್ದನ್ನೂ ಸೆರಗಿನಲ್ಲಿ ಮುಚ್ಚಿಟ್ಟಿದ್ದಳು.

"ಬಿದ್ದಾಗ ಹಿಡ್ಯಾಕ ಆ ಹಿರ್ಯಾರು ಬರ್ತಾರೇನು?" ಎಂದು ಕೂಗಾಡಿದೆ.

ಅಂದು ಸಭೆಯಲ್ಲಿ ಅವ್ವ ತಾನೇ ಎದ್ದು ನಿಂತಳು. "ಗುರುವಾರ ಮತ್ತ ಬಿದ್ದೇನ್ರಿ. ಬಿದ್ದಲ್ಲೂ ಯೇಸಪ್ಪ ನನ್ನ ಕೂಡನ ಇದ್ದ. ಇನ್ನ ನಿಮಗ ಅಂಜಂಗಿಲ್ಲ. ಗುಳಿಗಿನೂ ನುಂಗ್ತೇನಿ, ಪ್ರಾರ್ಥನಿನೂ ಮಾಡ್ತೇನಿ."

ಹಿರಿಯರು ಲಗುಬಗೆಯಿಂದ ಹಾಡು ಎತ್ತಿದರು. ಸಿಟ್ಟಿಗೆ ನಾನು ಹಾಡಲಿಲ್ಲ. ಅವ್ವ ಮಾತ್ರ ಸುಟ್ಟ ಕೈಯಿಂದಲೇ ಚಪ್ಪಾಳೆ ತಟ್ಟುತ್ತ ಎಲ್ಲರಿಗಿಂತ ಜೋರಾಗಿ ಹಾಡಿದಳು.